ಹುಡುಗರನ್ನು ಜೈಲಿಗೆ ಹಾಕಿ ಎನ್ನುವವರಿಗೆ

ಹದಿನಾರು ಹದಿನೇಳರ ಹುಡುಗನೊಬ್ಬ ಬೈಕ್ ಕದ್ದ, ಚಾಕು ಹಾಕಿದ, ಹುಡುಗಿಯನ್ನು ಕರೆದುಕೊಂಡು ಓಡಿಹೋದ ಎಂಬ ಸುದ್ದಿ ಬಂದ ದಿನ ನಮ್ಮ ಕಲಬುರಗಿ ಜಿಲ್ಲೆಯ ಸೇಡಂನಲ್ಲಿರಲಿ, ಚಿತ್ತಾಪುರದಲ್ಲಿರಲಿ, ವಾಡಿ, ಶಹಾಬಾದ್, ಚಿಂಚೋಳಿಯಲ್ಲಿರಲಿ, ಚಹಾದಂಗಡಿಯ ತೀರ್ಪು ಒಂದೇ: "ಕಾಯ್ದಾ ಭಾಳ ಮೆತ್ತಗಾಗ್ಯಾದ. ದೊಡ್ಡವರ ಕೆಲಸ ಮಾಡ್ಯಾನ, ದೊಡ್ಡವರಂಗೇ ಜೈಲಿಗೆ ಹಾಕ್ರಿ." ಚಹಾದಂಗಡಿಯ ಮಾತು ಅಲ್ಲಿಗೇ ಮುಗಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಇದೇ ಮಾತು ಮೇಷ್ಟ್ರುಗಳ ಕೋಣೆಯಲ್ಲಿ, ವಕೀಲರ ನಡುವೆ, ಪುರಸಭೆಯ ಮೆಟ್ಟಿಲ ಮೇಲೆ, ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸ್‌ಗಳಲ್ಲಿ ಯಾರ ಆಕ್ಷೇಪವೂ ಇಲ್ಲದೆ ಓಡಾಡುತ್ತಿದೆ. ಅದು ತಪ್ಪು. ವಾಸ್ತವ ಹಾಗಿಲ್ಲ, ಕಾನೂನು ಹಾಗಿಲ್ಲ, ಅದರಿಂದ ಆಗುವ ಪರಿಣಾಮವೂ ಹೇಳುವವರು ಬಯಸಿದಂತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಊರಿನ ದೊಡ್ಡವರು ಮಾಡದೇ ಬಿಟ್ಟ ಕೆಲಸವನ್ನು ಹುಡುಗನ ತಲೆಗೆ ಕಟ್ಟುವ ಮಾತದು.

ಒಂದನ್ನು ಮೊದಲೇ ಹೇಳಿಬಿಡುತ್ತೇನೆ. ಮಗಳ ಮೇಲೆ ದೌರ್ಜನ್ಯವಾದ ತಾಯಿ, ಚಾಕುವಿಗೆ ಮಗನನ್ನು ಕಳೆದುಕೊಂಡ ತಂದೆ ಏನು ಕೇಳಿದರೂ ಅದಕ್ಕೆ ಎದುರಾಡುವ ಹಕ್ಕು ನನಗಿಲ್ಲ. ನನ್ನ ತಕರಾರು ಅವರ ಸಿಟ್ಟನ್ನು ಸಾಲ ತಂದು ಸಿದ್ಧಾಂತ ಮಾಡಿಕೊಂಡವರ ಜೊತೆ.

ಈ ಸಿದ್ಧಾಂತ ನಮ್ಮ ಮನಸ್ಸಿಗೆ ಇಳಿದದ್ದು ದೆಹಲಿಯಿಂದ. 2012ರ ಡಿಸೆಂಬರಿನ ಅತ್ಯಾಚಾರ ಪ್ರಕರಣದಲ್ಲಿ ಆರೋಪಿಗಳಲ್ಲೊಬ್ಬ ಹದಿನೆಂಟು ತುಂಬದವನಾಗಿದ್ದ. ಅವನಿಗೆ ಆಗಿನ ಕಾನೂನಿನ ಗರಿಷ್ಠವಾದ ಮೂರು ವರ್ಷದ ವಾಸ ವಿಧಿಸಲಾಯಿತು. ಅವನು 2015ರ ಡಿಸೆಂಬರಿನಲ್ಲಿ ಹೊರಬಂದಾಗ ದೇಶ ಕುದಿಯಿತು, ಡಿಸೆಂಬರ್ 22ರಂದು ರಾಜ್ಯಸಭೆ ಹೊಸ ಬಾಲ ನ್ಯಾಯ ಕಾಯ್ದೆಯನ್ನು ಒಪ್ಪಿತು, 2016ರ ಜನವರಿ 15ರಿಂದ ಅದು ಜಾರಿಗೆ ಬಂತು. ಅಂದರೆ "ದೊಡ್ಡವರಂತೆ ವಿಚಾರಣೆ ಮಾಡಿ" ಎಂಬ ಬೇಡಿಕೆ ಈಡೇರಿ ವರ್ಷಗಳೇ ಕಳೆದಿವೆ. ಹದಿನಾರು ತುಂಬಿದವನು ಘೋರ ಅಪರಾಧ ಮಾಡಿದ ಆರೋಪವಿದ್ದರೆ ಬಾಲ ನ್ಯಾಯ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ನಡೆಸುತ್ತದೆ. ಕೃತ್ಯ ಎಸಗುವ ದೈಹಿಕ ಮಾನಸಿಕ ಸಾಮರ್ಥ್ಯ ಅವನಿಗಿತ್ತೆ, ಪರಿಣಾಮ ತಿಳಿಯುತ್ತಿತ್ತೆ, ಯಾವ ಸಂದರ್ಭದಲ್ಲಿ ನಡೆಯಿತು ಎಂದು ನೋಡಿ, ಬೇಕೆನಿಸಿದರೆ ಪ್ರಕರಣವನ್ನು ಮಕ್ಕಳ ನ್ಯಾಯಾಲಯಕ್ಕೆ ಕಳಿಸುತ್ತದೆ. ಆ ನ್ಯಾಯಾಲಯ ಮತ್ತೊಮ್ಮೆ ಪರಿಶೀಲಿಸಿ ಅವನನ್ನು ವಯಸ್ಕನಂತೆ ವಿಚಾರಿಸಬಹುದು, ದೀರ್ಘ ಶಿಕ್ಷೆ ಕೊಡಬಹುದು. ಕೊಡಲಾಗದ್ದು ಎರಡೇ: ಗಲ್ಲು, ಮತ್ತು ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿ. "ಏನು ಮಾಡಿದರೂ ಮೂರು ವರ್ಷಕ್ಕೆ ಹೊರಗೆ" ಎಂದು ಇಂದಿಗೂ ಹೇಳುವವರು ಸತ್ತುಹೋದ ಕಾನೂನಿನ ಮೇಲೆ ಸಿಟ್ಟಾಗಿದ್ದಾರೆ.

ಇನ್ನು "ಹುಡುಗರಿಂದಲೇ ಅಪರಾಧ ಹೆಚ್ಚಿದೆ" ಎಂಬ ಮಾತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಾದ್ಯಂತ ಹದಿನೆಂಟರೊಳಗಿನವರ ಮೇಲೆ ದಾಖಲಾದ ಪ್ರಕರಣಗಳು 30,555. ಹಿಂದಿನ ವರ್ಷ 31,170 ಇದ್ದವು. ಅದೇ 2022ರಲ್ಲಿ ಭಾರತೀಯ ದಂಡ ಸಂಹಿತೆಯಡಿ ದಾಖಲಾದ ಒಟ್ಟು ಪ್ರಕರಣಗಳು 35 ಲಕ್ಷ ದಾಟಿವೆ. ನೂರರಲ್ಲಿ ಒಂದೂ ಇಲ್ಲ. ಉಳಿದ ತೊಂಬತ್ತೊಂಬತ್ತನ್ನು ಮಾಡಿದವರು ನಾವು, ಹದಿನೆಂಟು ದಾಟಿದವರು.

ಈಗ ಆ ಒಂದರೊಳಗೆ ಯಾರಿದ್ದಾರೆ ನೋಡೋಣ. ಕಾಯ್ದೆಯಲ್ಲಿ ಘೋರ ಅಪರಾಧ ಎಂದರೆ ಕನಿಷ್ಠ ಏಳು ವರ್ಷ ಶಿಕ್ಷೆ ಇರುವಂಥದ್ದು. ಕನಿಷ್ಠ ಶಿಕ್ಷೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಕೇಳಿದರೆ ಕೊಲೆ, ದರೋಡೆ ಕಣ್ಣಮುಂದೆ ಬರುತ್ತವೆ. ಆದರೆ 2019ರ ತಿದ್ದುಪಡಿಯ ನಂತರ ಪೋಕ್ಸೊ ಕಾಯ್ದೆಯಡಿ ದೈಹಿಕ ಸಂಬಂಧದ ಅಪರಾಧಕ್ಕೆ ಕನಿಷ್ಠ ಹತ್ತು ವರ್ಷ, ಹುಡುಗಿ ಹದಿನಾರರೊಳಗಿದ್ದರೆ ಕನಿಷ್ಠ ಇಪ್ಪತ್ತು. ಹದಿನೆಂಟರೊಳಗಿನ ಹುಡುಗಿಯ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಹಾಗಾಗಿ ಕಾಲೇಜಿನ ಬಸ್ಸಿನಲ್ಲಿ ಪರಿಚಯವಾಗಿ, ಬೇರೆ ಜಾತಿಯಾದ್ದರಿಂದ ಮನೆಯವರಿಗೆ ಹೆದರಿ, ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಹೈದರಾಬಾದಿಗೋ ಪುಣೆಗೋ ಹೋದ ಹದಿನೇಳರ ಹುಡುಗ ಹುಡುಗಿಯರಲ್ಲಿ ಹುಡುಗ ಘೋರ ಅಪರಾಧಿ. ಹುಡುಗಿಯ ಕಡೆಯವರು ದೂರು ಕೊಟ್ಟ ಕ್ಷಣದಿಂದ ಅವನು ಕೊಲೆಗಾರನ ಸಾಲಿನಲ್ಲಿ ನಿಲ್ಲುತ್ತಾನೆ. ಈ ಸಂಕಟ ನ್ಯಾಯಾಲಯಗಳಿಗೂ ಗೊತ್ತು. ಹದಿನಾರು ದಾಟಿದ ಹುಡುಗಿಯರು ಪ್ರೀತಿಸಿ ಹೋದ ಪ್ರಕರಣಗಳನ್ನು ಕಂಡು ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರಿನಲ್ಲಿ, ಒಪ್ಪಿಗೆಯ ವಯಸ್ಸಿನ ಬಗ್ಗೆ ಮರುಚಿಂತನೆ ಮಾಡಿ ಎಂದು ಕಾನೂನು ಆಯೋಗವನ್ನು ಕೇಳಿತು. ಆಯೋಗ 2023ರಲ್ಲಿ ವಯಸ್ಸು ಇಳಿಸುವುದು ಬೇಡ ಎಂದಿತು. ಆದರೆ ಇಂಥ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯದಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು.

ಅದೇ ಊರಲ್ಲಿ ಹದಿನಾರರ ಹುಡುಗಿಯನ್ನು ಹಿರಿಯರೇ ನಿಂತು ಮೂವತ್ತರವನಿಗೆ ಧಾರೆ ಎರೆದುಕೊಟ್ಟರೆ? ಬಾಲ್ಯವಿವಾಹ ನಿಷೇಧ ಕಾಯ್ದೆ 2006ರಿಂದ ಇದೆ. ಕರ್ನಾಟಕ ಅದಕ್ಕೆ ತಿದ್ದುಪಡಿ ತಂದು ಅಂಥ ಮದುವೆಯೇ ಅಸಿಂಧು ಎಂದಿದೆ. ನಮ್ಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಾಲ್ಯವಿವಾಹ ನಿಷೇಧಾಧಿಕಾರಿಯೂ ಹೌದು. ಆದರೂ ಮಂಟಪ ಏಳುತ್ತದೆ, ಊಟ ನಡೆಯುತ್ತದೆ, ಉಂಡು ಬಂದವರೇ ಮರುದಿನ ಓಡಿಹೋದ ಹುಡುಗನನ್ನು ಜೈಲಿಗೆ ಹಾಕಿ ಎನ್ನುತ್ತಾರೆ. ಹುಡುಗಿಯ ರಕ್ಷಣೆ ಅವರ ಚಿಂತೆಯಾಗಿದ್ದರೆ ಎರಡೂ ಕಡೆ ಅವರ ದನಿ ಒಂದೇ ಆಗಿರುತ್ತಿತ್ತು.

ವಯಸ್ಸಿನ ಮಾತು ಇನ್ನೂ ದೊಡ್ಡದು, ಯಾರೂ ಆಡದ ಮಾತು. ಹದಿನಾರು, ಹದಿನೆಂಟು ಎಂಬ ಎರಡು ಗೆರೆಗಳ ಮೇಲೆ ಇಡೀ ಬಾಲ ನ್ಯಾಯ ಕಾಯ್ದೆ ನಿಂತಿದೆ. ಈ ಗೆರೆಗಳ ಯಾವ ಕಡೆ ಹುಡುಗನಿದ್ದಾನೆ ಎಂಬುದನ್ನು ಹೇಳಬೇಕಾದದ್ದು ಕಾಗದ. ಕಾಯ್ದೆಯ 94ನೇ ಕಲಂ ಪ್ರಕಾರ ಮೊದಲು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಹತ್ತನೇ ತರಗತಿಯ ಪ್ರಮಾಣಪತ್ರ ನೋಡಬೇಕು. ಅದಿಲ್ಲದಿದ್ದರೆ ಪುರಸಭೆ, ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ. ಅದೂ ಇಲ್ಲದಿದ್ದರೆ ಮೂಳೆ ಪರೀಕ್ಷೆ. ಈಗ ನಮ್ಮ ಭಾಗದ ಯಾವುದಾದರೂ ಸರ್ಕಾರಿ ಶಾಲೆಯ ಹಳೆಯ ದಾಖಲಾತಿ ಪುಸ್ತಕ ತೆರೆಯಿರಿ. ಜೂನ್ 1, ಜೂನ್ 1, ಜೂನ್ 1. ಅರ್ಧ ಊರು ಒಂದೇ ದಿನ ಹುಟ್ಟಿದಂತೆ ಕಾಣುತ್ತದೆ. ತಾಯಿ "ಆ ವರ್ಷ ಮಳಿ ಭಾಳ ಆಗಿತ್ರಿ, ತೊಗರಿ ಕೊಳೆತಿತ್ತು" ಎಂದಿರುತ್ತಾಳೆ, ಮೇಷ್ಟ್ರು ಶಾಲೆ ಶುರುವಾಗುವ ದಿನವನ್ನೇ ಜನ್ಮದಿನವಾಗಿ ಬರೆದಿರುತ್ತಾರೆ. ಅಕ್ಕನ ಜೊತೆ ಬಂದ ಐದರ ಮಗುವಿಗೂ ಆರು ತುಂಬಿಸಿ ಒಂದನೇ ತರಗತಿಗೆ ಸೇರಿಸಿರುತ್ತಾರೆ. ಆ ದಿನ ಅದು ಉಪಕಾರ. ಹತ್ತು ವರ್ಷದ ನಂತರ ಆ ಹುಡುಗ ಮಂಡಳಿಯ ಮುಂದೆ ನಿಂತಾಗ ಅದೇ ಜೂನ್ 1 ಅವನನ್ನು ಹದಿನೈದರಿಂದ ಹದಿನಾರಕ್ಕೆ ದಾಟಿಸುತ್ತದೆ. ಹದಿನೇಳರಿಂದ ಹದಿನೆಂಟಕ್ಕೆ ದಾಟಿಸಿದರಂತೂ ಮಂಡಳಿಯ ಮಾತೇ ಇಲ್ಲ, ನೇರ ಕಾರಾಗೃಹ. ಮೂಳೆ ಪರೀಕ್ಷೆಯಲ್ಲಿ ಎರಡು ವರ್ಷ ಆಚೀಚೆ ಆಗಬಹುದು ಎಂದು ನ್ಯಾಯಾಲಯಗಳೇ ಒಪ್ಪಿವೆ.

ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಹುಟ್ಟಿದ 21 ದಿನದೊಳಗೆ ತಿಳಿಸಬೇಕು ಎನ್ನುತ್ತದೆ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು. ತಾಂಡಾದಲ್ಲಿ ಹುಟ್ಟಿದ, ಗುಳೆ ಹೋದಾಗ ಪುಣೆಯ ಕಟ್ಟಡದ ಕೆಳಗಿನ ಶೆಡ್ಡಿನಲ್ಲಿ ಹುಟ್ಟಿದ ಮಗುವಿನ ಹೆಸರಲ್ಲಿ ಆ ಆದೇಶ ತರಲು ಯಾರು ಓಡಾಡುತ್ತಾರೆ? ವಯಸ್ಸು ಇಳಿಸಿ ಎಂದು ದೆಹಲಿಯನ್ನು ಕೇಳುವವರು ತಮ್ಮ ಪಂಚಾಯಿತಿಯಲ್ಲಿ ಹುಟ್ಟಿದ ಮಕ್ಕಳ ದಿನಾಂಕ ಸರಿಯಾಗಿ ಬರೆಸಿದ್ದಾರೆಯೆ ಎಂದು ಒಮ್ಮೆಯೂ ಕೇಳಿಲ್ಲ.

ಮೆತ್ತಗಿನ ಕಾನೂನು ಎಂಬುದು ಬಡವರ ಮನೆಯ ಹುಡುಗನಿಗೆ ಹೇಗೆ ಕಾಣುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ಬರಹದ ಮಟ್ಟಿಗೆ ಬಾಲ ನ್ಯಾಯ ಕಾಯ್ದೆ ಉದಾರವಾಗಿದೆ. ಹಿಡಿದ 24 ಗಂಟೆಯೊಳಗೆ ಮಂಡಳಿಯ ಮುಂದೆ ತರಬೇಕು, ಠಾಣೆಯ ಲಾಕಪ್ಪಿಗೂ ಜೈಲಿಗೂ ಹಾಕಕೂಡದು, ಅಪರಾಧ ಯಾವುದೇ ಇರಲಿ ಜಾಮೀನು ಕೊಡಬೇಕು. ಕೆಟ್ಟವರ ಸಹವಾಸಕ್ಕೆ ಬೀಳುತ್ತಾನೆ, ಅಪಾಯಕ್ಕೆ ಸಿಲುಕುತ್ತಾನೆ, ಅಥವಾ ನ್ಯಾಯದ ಉದ್ದೇಶವೇ ಕೆಡುತ್ತದೆ ಎಂಬ ಕಾರಣವಿದ್ದರೆ ಮಾತ್ರ ನಿರಾಕರಿಸಬಹುದು. ಆದರೆ ನಮ್ಮ ಜಿಲ್ಲೆಯ ಮಂಡಳಿ ಕೂರುವುದು ಕಲಬುರಗಿಯಲ್ಲಿ. ಚಿಂಚೋಳಿಯಿಂದ ಅದು ಎಂಬತ್ತು ಕಿಲೋಮೀಟರಿಗೂ ಮೇಲೆ, ತೆಲಂಗಾಣದ ಗಡಿಗೆ ತಾಗಿದ ಕುಂಚಾವರಂ ಕಡೆಯ ತಾಂಡಾಗಳಿಗೆ ಇನ್ನೂ ದೂರ. ತೊಗರಿ ರಾಶಿ ಮುಗಿದ ಮೇಲೆ ಅಪ್ಪ ಅಮ್ಮ ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರುತ್ತಾರೆ. ಹುಡುಗನ ಜೊತೆ ಇರುವುದು ಕಣ್ಣು ಕಾಣದ ಅಜ್ಜಿ. ಜಾಮೀನು ಕೊಡಲು ಮಂಡಳಿ ಸಿದ್ಧವಿದ್ದರೂ ಕೈ ಹಿಡಿದು ಕರೆದೊಯ್ಯಲು ಯಾರೂ ಬರುವುದಿಲ್ಲ. "ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಅಪಾಯಕ್ಕೆ ಸಿಲುಕಬಹುದು" ಎಂಬ ಒಂದು ವಾಕ್ಯ ವರದಿಗೆ ಸೇರುತ್ತದೆ, ಅವನು ವೀಕ್ಷಣಾಲಯದಲ್ಲಿ ಉಳಿಯುತ್ತಾನೆ. ಅದೇ ತಪ್ಪು ಮಾಡಿದ, ತಂದೆಗೆ ಟಿಪ್ಪರುಗಳಿರುವ ಹುಡುಗ ಸಂಜೆಗೆ ಮನೆಯಲ್ಲಿರುತ್ತಾನೆ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಅಪ್ರಾಪ್ತ ಹುಡುಗನೊಬ್ಬ ಓಡಿಸುತ್ತಿದ್ದ ಪೋರ್ಷೆ ಕಾರು ಇಬ್ಬರನ್ನು ಕೊಂದಾಗ ಅವನನ್ನು ಪ್ರಬಂಧ ಬರೆಯಲು ಹೇಳಿ ಬಿಟ್ಟರು ಎಂದು ನಾವೆಲ್ಲ ಕುದಿದೆವು. ಆ ಸಿಟ್ಟು ಸರಿ. ಆದರೆ ಅಲ್ಲಿ ಮೆತ್ತಗಾದದ್ದು ದುಡ್ಡಿನ ಮುಂದೆ, ವಯಸ್ಸಿನ ಮುಂದಲ್ಲ. ಕಾಯ್ದೆಯನ್ನು ಬಿಗಿಗೊಳಿಸಿದರೆ ಉರುಳು ಬೀಳುವುದು ಕುಂಚಾವರಂ ಹುಡುಗನ ಕುತ್ತಿಗೆಗೆ.

ಬೈಕ್ ಕಳವಿನ ಕಥೆ ಬೇರೆ, ಅದನ್ನೂ ಹೇಳಬೇಕು, ಯಾಕೆಂದರೆ ಜನರ ಅಸಮಾಧಾನಕ್ಕೆ ನಿಜವಾದ ಕಾರಣ ಇಲ್ಲಿದೆ. ಗರಿಷ್ಠ ಮೂರು ವರ್ಷ ಶಿಕ್ಷೆಯ ಕಳವು ಈ ಕಾಯ್ದೆಯ ಲೆಕ್ಕದಲ್ಲಿ ಸಣ್ಣ ಅಪರಾಧ. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಹೆಚ್ಚೆಂದರೆ ಇನ್ನೆರಡು ತಿಂಗಳು. ಆಗಲೂ ಮುಗಿಯದಿದ್ದರೆ ಪ್ರಕರಣವೇ ಕೊನೆಗೊಳ್ಳುತ್ತದೆ. ಹೀಗೆ ಸತ್ತ ಪ್ರಕರಣದಲ್ಲಿ ಬೈಕ್ ಕಳಕೊಂಡವನಿಗೆ ಒಂದು ಮಾತಿನ ಉತ್ತರವಿಲ್ಲ, ಕದ್ದ ಹುಡುಗನಿಗೆ ತಿಳಿಹೇಳಿದವರಿಲ್ಲ. ಬುದ್ಧಿಮಾತು, ಆಪ್ತಸಮಾಲೋಚನೆ, ಸಮುದಾಯ ಸೇವೆ, ಪೋಷಕರಿಗೆ ದಂಡ, ಪರಿವೀಕ್ಷಣೆಯಡಿ ಬಿಡುಗಡೆ, ಮೂರು ವರ್ಷದವರೆಗೆ ವಿಶೇಷ ಗೃಹ, ಇಷ್ಟೆಲ್ಲ ದಾರಿ ಮಂಡಳಿಗಿದೆ. ಒಂದನ್ನೂ ಬಳಸದೆ ಕಡತ ಮುಚ್ಚಿದರೆ ಊರಿಗೆ ಕಾಣುವುದು "ಬಿಟ್ಟುಬಿಟ್ಟರು" ಎಂಬುದಷ್ಟೇ. ಇದು ಕಾಯ್ದೆಯ ಮೆದುತನವಲ್ಲ, ಕಾಯ್ದೆಯ ಕೆಲಸ ನಡೆಯದಿರುವುದು. ಮಂಡಳಿಯೆಂದರೆ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲೊಬ್ಬರು ಮಹಿಳೆ. ಅವರ ಮುಂದೆ ಹುಡುಗನ ಮನೆ, ಶಾಲೆ, ಸಹವಾಸದ ಬಗ್ಗೆ ಸಾಮಾಜಿಕ ತನಿಖಾ ವರದಿ ಬರಬೇಕು. ವರದಿ ತಡವಾದರೆ ಎಲ್ಲವೂ ತಡ. ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರು ಮೂರು ತಿಂಗಳಿಗೊಮ್ಮೆ ಬಾಕಿ ಪ್ರಕರಣ ಪರಿಶೀಲಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಜೈಲು ಬೇಕೆನ್ನುವವರು ಆ ಪರಿಶೀಲನೆಯಲ್ಲಿ ಏನು ಕಂಡಿತು ಎಂದು ಕೇಳಲಿ.

ಹುಡುಗ ಠಾಣೆ ಮೆಟ್ಟಿಲು ಹತ್ತುವ ಮೊದಲು ಎಲ್ಲಿದ್ದ? ಶಹಾಬಾದಿನ ಫರ್ಸಿ ಕಲ್ಲಿನ ಗಣಿಯಲ್ಲಿ, ಲಾರಿ ಕ್ಲೀನರಾಗಿ, ವಾಡಿಯ ಪ್ಲಾಟ್‌ಫಾರ್ಮಿನಲ್ಲಿ, ಸೇಡಂನ ಗ್ಯಾರೇಜಿನಲ್ಲಿ. ಗಣಿ ಕೆಲಸಕ್ಕೆ ಹದಿನೆಂಟರೊಳಗಿನವರನ್ನು ಹಚ್ಚುವುದನ್ನು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ನಿಷೇಧಿಸಿದೆ. ತನ್ನ ವ್ಯಾಪ್ತಿಯಲ್ಲಿ ವಾಸಿಸುವ ಹದಿನಾಲ್ಕರವರೆಗಿನ ಎಲ್ಲ ಮಕ್ಕಳ ದಾಖಲೆ ಇಡುವ ಹೊಣೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ಸ್ಥಳೀಯ ಸಂಸ್ಥೆಗೇ ಕೊಟ್ಟಿದೆ. ಶಾಲೆ ಬಿಟ್ಟ ಮಕ್ಕಳ ವಿಷಯವನ್ನು ನಮ್ಮ ಹೈಕೋರ್ಟ್ 2013ರಲ್ಲಿ ತಾನಾಗಿಯೇ ಕೈಗೆತ್ತಿಕೊಂಡು ಸರ್ಕಾರವನ್ನು ಪ್ರಶ್ನಿಸಿತು. ಗ್ರಾಮ ಪಂಚಾಯಿತಿಯಲ್ಲಿ ಸಾಮಾಜಿಕ ನ್ಯಾಯ ಸಮಿತಿ ಎಂಬುದೊಂದಿದೆ. ವರ್ಷಕ್ಕೊಮ್ಮೆ ಮಕ್ಕಳ ಹಕ್ಕುಗಳ ಗ್ರಾಮಸಭೆ ನಡೆಸಬೇಕೆಂದು ಆದೇಶವಿದೆ. ನಡೆಯುವುದೂ ಉಂಟು: ಶಾಮಿಯಾನ, ಸ್ವಾಗತಗೀತೆ, ಬಿಸ್ಕತ್ತು, ಫೋಟೊ. ಶಾಲೆಗೆ ಬಾರದ ಮಕ್ಕಳನ್ನು ಸಭೆಗೆ ಕರೆಯುವವರೇ ಇಲ್ಲ. ಪಟ್ಟಿ ಬೇಕಾದದ್ದು ಅವರದೇ.

ಪಂಚಾಯಿತಿ ಮಾಡದಿದ್ದರೆ ಮೇಲಿನವರು ಕೇಳಬೇಕು. ಆದರೆ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಆರಿಸಿಬಂದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳೇ ನಡೆಸಿದರು. ಶಾಲೆ, ಹಾಸ್ಟೆಲ್, ಗುಳೆ ಹೋದವರ ಮಕ್ಕಳಿಗೆ ಋತುಮಾನದ ವಸತಿ ವ್ಯವಸ್ಥೆ ಇವನ್ನೆಲ್ಲ ಕೇಳಬೇಕಾದ ಸ್ಥಾಯಿ ಸಮಿತಿಯ ಕುರ್ಚಿಗಳು ಖಾಲಿ ಉಳಿದವು. ಆ ವರ್ಷಗಳಲ್ಲಿ ಹತ್ತು ಹನ್ನೊಂದರಲ್ಲಿದ್ದ ಹುಡುಗರೇ ಈಗ ಹದಿನಾರಕ್ಕೆ ಕಾಲಿಡುತ್ತಿರುವವರು.

ಹುಡುಗರನ್ನು ಕೆಲಸಕ್ಕೆ ಹಚ್ಚಿದ ದೊಡ್ಡವರ ಮಾತೂ ಬರಲಿ. ಮಗುವನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸಿದವನಿಗೆ ಬಾಲ ನ್ಯಾಯ ಕಾಯ್ದೆಯಡಿಯೇ ಏಳು ವರ್ಷದವರೆಗೆ ಸಜೆ, ಐದು ಲಕ್ಷ ರೂಪಾಯಿ ದಂಡವಿದೆ. ಅಪ್ರಾಪ್ತನಿಗೆ ಗಾಡಿ ಕೊಟ್ಟ ಪೋಷಕನಿಗೆ ಮೋಟಾರು ವಾಹನ ಕಾಯ್ದೆಯಡಿ ಮೂರು ವರ್ಷದವರೆಗೆ ಸಜೆಯಿದೆ. ಮರಳಿನ ಟ್ರ್ಯಾಕ್ಟರಿನ ಮೇಲೆ ಹುಡುಗ ಸಿಕ್ಕರೆ ಅವನನ್ನು ಕೂರಿಸಿದವನ ಹೆಸರು ಎಲ್ಲಿ ಹೋಗುತ್ತದೆ? ಹುಡುಗನಿಗೆ ಬಿಗಿ ಕಾನೂನು ಬೇಡುವವರು ಈ ಕಲಮುಗಳನ್ನು ಬಳಸಿ ಎಂದು ಠಾಣೆಯ ಮುಂದೆ ಕೂತದ್ದನ್ನು ನಾನು ಕಂಡಿಲ್ಲ. ಬದಲಿಗೆ ಕಾಣುವುದು ರಾಜಿ. ಊರ ಹಿರಿಯರು ಕಟ್ಟೆಯ ಮೇಲೆ ಕೂತು, ಉಳ್ಳವರ ಮಗನಾದರೆ ಇಷ್ಟು ದುಡ್ಡು ಕೊಡು ಎಂದು ನೊಂದ ಹುಡುಗಿಯ ಬಾಯಿ ಮುಚ್ಚಿಸುತ್ತಾರೆ. ಕಾನೂನು ಕಠಿಣವಾಗಲಿ ಎಂದು ಭಾಷಣ ಮಾಡಿದ ಬಾಯಿಯೇ ಅಲ್ಲಿ "ಹುಡುಗರು, ತಪ್ಪಾಯ್ತು, ಬಿಡ್ರಿ" ಎನ್ನುತ್ತದೆ. ನೊಂದವರಿಗೆ ಪರಿಹಾರ ಕೊಡಲು ಸಂತ್ರಸ್ತರ ಪರಿಹಾರ ಯೋಜನೆಯಿದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಆ ದಾರಿ ತೋರಿಸುವವರು ಕಡಿಮೆ.

ದೊಡ್ಡವರ ಜೈಲಿಗೆ ಹಾಕಿದರೆ ಏನಾಗುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ. 1990ರ ದಶಕದಲ್ಲಿ ಅಮೆರಿಕದ ರಾಜ್ಯಗಳು ಹೆದರಿಕೆಯ ಭರದಲ್ಲಿ ಹುಡುಗರನ್ನು ವಯಸ್ಕರ ನ್ಯಾಯಾಲಯಗಳಿಗೆ ಸಾಲುಸಾಲಾಗಿ ತಳ್ಳಿದವು. ಆಮೇಲೆ ಅಲ್ಲಿನ ಸಾರ್ವಜನಿಕ ಆರೋಗ್ಯ ತಜ್ಞರ ಕಾರ್ಯಪಡೆ ಎಲ್ಲ ಅಧ್ಯಯನಗಳನ್ನು ಒಟ್ಟಿಗೆ ನೋಡಿ 2007ರಲ್ಲಿ ಹೇಳಿದ್ದು: ಹಾಗೆ ಹೋಗಿಬಂದ ಹುಡುಗರು ಮಕ್ಕಳ ವ್ಯವಸ್ಥೆಯಲ್ಲೇ ಉಳಿದವರಿಗಿಂತ ಹೆಚ್ಚು ಹಿಂಸೆಗೆ ಇಳಿದರು. ನಮ್ಮಲ್ಲೂ ಮಕ್ಕಳಿಗೆ ಬೇರೆ ನ್ಯಾಯ ಎಂಬುದು ನಿನ್ನೆ ಮೊನ್ನೆಯ ಉದಾರವಾದಿಗಳ ಆವಿಷ್ಕಾರವಲ್ಲ. ಮದರಾಸು ಮಕ್ಕಳ ಕಾಯ್ದೆ ಬಂದದ್ದು 1920ರಲ್ಲಿ.

ನ್ಯಾಯಾಲಯಕ್ಕೂ ಕಾಯದೆ ನಾವೇ ಕೊಡುತ್ತಿರುವ ಶಿಕ್ಷೆ ಇನ್ನೊಂದಿದೆ. ಹುಡುಗ ಸಿಕ್ಕ ಗಂಟೆಯೊಳಗೆ ಅವನ ಫೋಟೊ, ಅಪ್ಪನ ಹೆಸರು, ತಾಂಡಾದ ಹೆಸರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿಯುತ್ತದೆ. ಇದು ಬಾಲ ನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ವಯಸ್ಕನಂತೆ ಶಿಕ್ಷೆಗೆ ಒಳಗಾದವನ ಹೊರತು ಉಳಿದವರ ಮೇಲೆ ಈ ಪ್ರಕರಣದ ಕಳಂಕ ಮುಂದೆ ಉಳಿಯಕೂಡದು, ನೌಕರಿಗೆ ಅಡ್ಡಿಯಾಗಕೂಡದು ಎಂದು 24ನೇ ಕಲಂ ಹೇಳುತ್ತದೆ. ಕಾನೂನು ಅಳಿಸಿದ್ದನ್ನು ಊರಿನ ಮೊಬೈಲುಗಳು ಅಳಿಸುವುದಿಲ್ಲ. ಗ್ಯಾರೇಜಿನವನು ಕೆಲಸ ಕೊಡುವುದಿಲ್ಲ, ಕಾಲೇಜು ಸೇರಿಸಿಕೊಳ್ಳುವುದಿಲ್ಲ, ಕರೆದು ಮಾತಾಡಿಸುವವನು ಮೊದಲು ಕಳವಿಗೆ ಕಳಿಸಿದವನೊಬ್ಬನೇ.

ಹಾಗಾದರೆ ಏನು ಬೇಕು? ಪ್ರತಿ ಜಿಲ್ಲೆಗೆ ಒಂದು ಅಥವಾ ಹೆಚ್ಚು ಬಾಲ ನ್ಯಾಯ ಮಂಡಳಿಗಳನ್ನು ರಚಿಸಬೇಕು ಎಂದು ಕಾಯ್ದೆಯ 4ನೇ ಕಲಂ ಹೇಳುತ್ತದೆ. ಸೇಡಂ ಉಪವಿಭಾಗದ ಕೇಂದ್ರ. ಸೇಡಂ, ಚಿಂಚೋಳಿ, ಚಿತ್ತಾಪುರದ ಮಕ್ಕಳಿಗಾಗಿ ಅಲ್ಲೊಂದು ಮಂಡಳಿ ಕೂರಲಿ. ಹೊಸದಾಗಿ ಯಾವ ಕಾನೂನನ್ನೂ ಬರೆಯಬೇಕಾಗಿಲ್ಲ, ಸರ್ಕಾರದ ಒಂದು ಅಧಿಸೂಚನೆ ಸಾಕು. ಸೇಡಂ, ಚಿಂಚೋಳಿ, ಚಿತ್ತಾಪುರದ ವಕೀಲರ ಸಂಘಗಳು ಇದನ್ನು ಬರವಣಿಗೆಯಲ್ಲಿ ಕೇಳಲಿ. ಪಂಚಾಯಿತಿ ಸದಸ್ಯರು ಮುಂದಿನ ಸಭೆಯಲ್ಲಿ ಎರಡು ಪಟ್ಟಿ ಓದಿಸಲಿ: ಜನನ ನೋಂದಣಿ ಆಗದ ಮಕ್ಕಳದು, ಶಾಲೆ ಬಿಟ್ಟ ಮಕ್ಕಳದು. ಮತ್ತು ಓದುಗರೇ, ಮುಂದಿನ ಸಲ ಯಾವುದೋ ಹುಡುಗನ ಫೋಟೊ ನಿಮ್ಮ ಮೊಬೈಲಿಗೆ ಬಂದರೆ ಮುಂದೆ ಕಳಿಸಬೇಡಿ. ಅವನ ಊರಿನ ಪಿಡಿಒಗೆ ಫೋನು ಮಾಡಿ, ಈ ಹುಡುಗ ಯಾವ ವರ್ಷ ಶಾಲೆ ಬಿಟ್ಟ, ಅಂದು ನೀವು ಏನು ಮಾಡಿದಿರಿ ಎಂದು ಕೇಳಿ.